ನಿಯತ್ತಿಲ್ಲ, ಅಲ್ವಾ?

"ಈಗಿನ ಆಟಗಾರರಿಗೆ ನಿಯತ್ತು ಅನ್ನೋದೇ ಇಲ್ಲ, ಅಲ್ವಾ?"

ಇದು ಪ್ರಶ್ನೆಯಲ್ಲ. ಕೊನೆಗೆ 'ಅಲ್ವಾ' ಅಂಟಿಸಿದ ತೀರ್ಪು. ಕೇಳುವವರಿಗೆ ನನ್ನ ಉತ್ತರ ಬೇಕಿಲ್ಲ, ನನ್ನ ತಲೆ ಅಲ್ಲಾಡಿದರೆ ಸಾಕು. ಯಾವನೋ ಸ್ಟಾರ್ ತಂಡ ಬದಲಿಸಿದ ಮರುದಿನ ಕನಿಷ್ಠ ಮೂರು ಜನ ಇದನ್ನೇ ಕೇಳುತ್ತಾರೆ. ಕ್ರಿಕೆಟ್, ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಬೇಸ್‌ಬಾಲ್ ಎಲ್ಲವನ್ನೂ ಹೊತ್ತುಗೊತ್ತಿಲ್ಲದೆ ನೋಡುತ್ತೇನೆ. ಆಮೇಲೆ ಯಾರೂ ಕೇಳದಿದ್ದರೂ ಅದರ ಬಗ್ಗೆ ಮಾತಾಡುತ್ತೇನೆ. ಹಾಗಾಗಿ ತಪ್ಪು ನನ್ನದೂ ಇದೆ. ಆದರೂ ಸಾಕಾಯಿತು. ಒಂದು ಸಲ ಬರೆದಿಡುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಚಿಕ್ಕ ಉತ್ತರ: ಅಲ್ಲ.

ದೊಡ್ಡ ಉತ್ತರಕ್ಕೆ ಮೊದಲು ನಾವು ಮಾತಾಡುವ ರೀತಿಯ ಬಗ್ಗೆ ಒಂದು ತಕರಾರು. ಆಟಗಾರ ತಾನಾಗಿ ಹೊರಟರೆ 'ಬಿಟ್ಟು ಹೋದ', 'ಕೈಕೊಟ್ಟ' ಅನ್ನುತ್ತೇವೆ. ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದವನ ಬಗ್ಗೆ ಹೇಳುವ ಧಾಟಿಯಲ್ಲೇ. ಅದೇ ತಂಡ ಅವನನ್ನು ಕಿತ್ತುಹಾಕಿದರೆ ಪೇಪರಿನಲ್ಲಿ ಬರುವುದು 'ಬಿಡುಗಡೆ ಮಾಡಿದೆ' ಅಂತ. ಬಿಡುಗಡೆ! ಪಾಪ, ಜೈಲಿನಲ್ಲಿದ್ದನೇ? ಹರಾಜಿನಲ್ಲಿ ಯಾರೂ ಕೂಗದಿದ್ದರೆ 'ಮಾರಾಟವಾಗದೆ ಉಳಿದ', ಸಂತೆ ಮುಗಿದ ಮೇಲೆ ಉಳಿದ ಸರಕಿನ ಹಾಗೆ. ಫುಟ್‌ಬಾಲಿನಲ್ಲಂತೂ ಮನುಷ್ಯರನ್ನು ಸಾಲವಾಗಿಯೂ ಕೊಡುತ್ತಾರೆ. ನಾನು ತಮಾಷೆ ಮಾಡುತ್ತಿಲ್ಲ, ಅದಕ್ಕೆ 'ಲೋನ್' ಅಂತಲೇ ಹೆಸರು. ಕೊಂಡರು, ಮಾರಿದರು, ಉಳಿಸಿಕೊಂಡರು, ಸಾಲ ಕೊಟ್ಟರು. ಸಾಮಾನಿಗೆ ಹೇಳುವ ಮಾತನ್ನೆಲ್ಲ ಹೇಳಿ ಮುಗಿಸಿ, ಕೊನೆಗೆ ಆ ಸಾಮಾನಿನ ಹತ್ತಿರ ನಿಯತ್ತು ಕೇಳುತ್ತೇವೆ.

ಈ ವಾದವನ್ನು ನಾನು ಒಂದು ಸಲ ಚೆನ್ನಾಗಿ ಸೋತಿದ್ದೇನೆ. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸೋಲಿಸಿದವರೇ ಬಂದು ಹೇಳುತ್ತಾರೆ.

2021ರ ಆಗಸ್ಟ್. ಮೆಸ್ಸಿ ಬಾರ್ಸಿಲೋನಾ ಬಿಟ್ಟ ವಾರ. ಅವನು ಆ ಕ್ಲಬ್ಬಿಗೆ ಬಂದಾಗ 13 ವರ್ಷದ ಹುಡುಗ. 2000ದ ಡಿಸೆಂಬರಿನಲ್ಲಿ ಕ್ಲಬ್ಬಿನ ಅಧಿಕಾರಿಯೊಬ್ಬರು ಕೈಗೆ ಸಿಕ್ಕ ಪೇಪರ್ ನ್ಯಾಪ್ಕಿನ್ ಮೇಲೆ 'ಇವನನ್ನು ಸೇರಿಸಿಕೊಳ್ಳುತ್ತೇವೆ' ಅಂತ ಬರೆದು ಸಹಿ ಹಾಕಿದ್ದರು. ಹೋಗುವ ದಿನ ಮೈಕಿನ ಮುಂದೆ ನಿಂತು ಅವನು ಮೂಗು ಒರೆಸಿಕೊಂಡಿದ್ದೂ ಒಂದು ಪೇಪರಿನ ಟಿಶ್ಯೂನಲ್ಲೇ. ಅರ್ಧ ಸಂಬಳ ಬಿಟ್ಟುಕೊಡಲು ಒಪ್ಪಿದ್ದೆ ಅಂತ ಅವನೇ ಹೇಳಿದ. ಆದರೂ ಲೀಗಿನ ಹಣಕಾಸಿನ ನಿಯಮದೊಳಗೆ ಅವನನ್ನು ಕೂರಿಸಲು ಕ್ಲಬ್ಬಿಗೆ ಆಗಲಿಲ್ಲ. ಆ ಮಟ್ಟಕ್ಕೆ ಸಾಲ ಮಾಡಿಕೊಂಡಿದ್ದು ಕ್ಲಬ್ಬು. (ಆ ನ್ಯಾಪ್ಕಿನ್ 2024ರಲ್ಲಿ ಹರಾಜಿಗೆ ಬಂತು. 7.5 ಲಕ್ಷ ಪೌಂಡಿಗಿಂತ ಜಾಸ್ತಿಗೆ ಹೋಯಿತು. ಅದೂ ಮಾರಾಟವಾಯಿತು ನೋಡಿ.)

ಅವತ್ತು ಗೆಳೆಯನೊಬ್ಬ ಫೋನ್ ಮಾಡಿದ. "ಎಷ್ಟೇ ಆದ್ರೂ ದುಡ್ಡೇ ದೊಡ್ಡದಾಯ್ತು, ಅಲ್ವಾ?" ಅಂದ. ನನಗೆ ಇಂಥ ಅವಕಾಶ ಸಿಗುವುದೇ ಅಪರೂಪ. ಯಾಕಂದರೆ ಈ ಆಸಾಮಿ ಹಿಂದಿನ ತಿಂಗಳಷ್ಟೇ ಕೆಲಸ ಬದಲಿಸಿದ್ದ. "ನೀನು ಹಳೆ ಕಂಪನಿ ಬಿಟ್ಟೆಯಲ್ಲ, ಅದು ದ್ರೋಹ ಅಲ್ವಾ?" ಅಂತ ಕೇಳಿ, ಗೆದ್ದೆ ಅಂದುಕೊಂಡು ಸುಮ್ಮನಾದೆ.

ಆ ಕಡೆ ಎರಡು ಕ್ಷಣ ಮೌನ. ಆಮೇಲೆ ಅವನು ಹೇಳಿದ: "ನನ್ನ ಹೆಸರು ಬರೆದ ಶರ್ಟನ್ನ ಯಾವ ಮಗು ಹಾಕ್ಕೊಂಡು ಮಲಗ್ತಿತ್ತು, ಹೇಳು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಗ್ನಲ್ ಸರಿಯಿಲ್ಲ, ಕೇಳಿಸ್ತಿಲ್ಲ ಅಂತ ಫೋನ್ ಇಟ್ಟೆ.

ಅವನು ಹೇಳಿದ್ದು ಸರಿ. ಇದು ಬರೀ ಕೆಲಸ ಬದಲಿಸಿದ ಹಾಗಲ್ಲ. ಯಾರೂ ಲೆಕ್ಕಪತ್ರ ವಿಭಾಗದವರ ಹೆಸರು ಬೆನ್ನಿಗೆ ಬರೆಸಿಕೊಳ್ಳುವುದಿಲ್ಲ. ಆದರೆ ಫೋನಿಟ್ಟ ಎರಡು ದಿನದ ಮೇಲೆ ಹೊಳೆಯಿತು (ನನಗೆ ಉತ್ತರಗಳು ಯಾವಾಗಲೂ ಎರಡು ದಿನ ಲೇಟು): ಆ ಶರ್ಟನ್ನು ಮಗುವಿಗೆ ಮಾರಿದ್ದು ಯಾರು? 'ಇವನು ನಮ್ಮವನು, ಎಂದೆಂದಿಗೂ ನಮ್ಮವನು' ಅಂತ ಪೋಸ್ಟರ್ ಹಾಕಿದ್ದು ಯಾರು? ತಂಡ. ಮಗುವಿನ ಅಳು ನಿಜ. ಬೈಗುಳ ಮಾತ್ರ ತಪ್ಪು ವಿಳಾಸಕ್ಕೆ ಹೋಗುತ್ತಿದೆ.

ಇಷ್ಟು ಹೇಳಿದರೂ ಬಿಡುವುದಿಲ್ಲ. "ಕೊಹ್ಲಿಯನ್ನು ನೋಡಿ" ಅನ್ನುತ್ತಾರೆ. ನೋಡಿದ್ದೇನೆ ಸ್ವಾಮಿ. 2008ರಿಂದ ಒಂದೇ ತಂಡ. 2025ರಲ್ಲಿ, ಹದಿನೆಂಟನೇ ಸೀಸನ್ನಿನಲ್ಲಿ ಆರ್‌ಸಿಬಿಗೆ ಕಪ್ ಬಂದಾಗ ಅವನು ಮೈದಾನದಲ್ಲೇ ಮಂಡಿಯೂರಿ ಮುಖ ಮುಚ್ಚಿಕೊಂಡಿದ್ದನ್ನೂ ನೋಡಿದ್ದೇನೆ. ನಾನೂ ಕಣ್ಣು ಒರೆಸಿಕೊಂಡೆ. ಆದರೆ ಆ ಕಥೆ ಶುರುವಾಗಿದ್ದು ಹೇಗೆ? 2008ರಲ್ಲಿ ಅಂಡರ್-19 ಹುಡುಗರನ್ನು ತಂಡಗಳು ಆರಿಸಿಕೊಂಡಾಗ ಡೆಲ್ಲಿಯವರು ತಮ್ಮದೇ ಊರಿನ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್ ಎಂಬ ಬೌಲರನ್ನು ತೆಗೆದುಕೊಂಡರು. ಅದಾದ ಮೇಲೆ ಆರ್‌ಸಿಬಿ ಒಂದು ಸಲವೂ ಅವನನ್ನು ಹರಾಜಿಗೆ ಬಿಡಲಿಲ್ಲ. ಅವನೂ ಉಳಿದ, ಅವರೂ ಉಳಿಸಿಕೊಂಡರು. ಅದೇ ತಂಡ 2011ರ ಹರಾಜಿಗೆ ಮುಂಚೆ ಕೊಹ್ಲಿ ಒಬ್ಬನನ್ನು ಇಟ್ಟುಕೊಂಡು ಉಳಿದವರನ್ನೆಲ್ಲ ಬಿಟ್ಟಿತು. ತಂಡದ ಮೊದಲ ನಾಯಕ ದ್ರಾವಿಡ್ ಕೂಡ ಅದರಲ್ಲಿ ಒಬ್ಬರು. ರಾಜಸ್ಥಾನದವರು ಕೊಂಡರು. ಆ ವರ್ಷ 'ಈಗಿನ ತಂಡಗಳಿಗೆ ನಿಯತ್ತಿಲ್ಲ, ಅಲ್ವಾ?' ಅಂತ ನನಗೆ ಯಾರೂ ಫೋನ್ ಮಾಡಲಿಲ್ಲ.

ಇನ್ನು ಕೆಲವರು ಕೊಹ್ಲಿಯನ್ನೂ ದಾಟಿ ಸೀದಾ ಕರ್ಣನ ಹತ್ತಿರ ಹೋಗುತ್ತಾರೆ. ಕೃಷ್ಣ ಇಡೀ ರಾಜ್ಯ ಕೊಡ್ತೀನಿ ಅಂದರೂ ಪಕ್ಷ ಬದಲಿಸಲಿಲ್ಲ ನೋಡಿ ಅಂತ. ಸರಿ. ಆದರೆ ದುರ್ಯೋಧನನೂ ಅಂಗರಾಜ್ಯ ಕೊಟ್ಟ ಮೇಲೆ ಮೂರು ವರ್ಷಕ್ಕೊಮ್ಮೆ ಅದನ್ನು ಕಿತ್ತುಕೊಂಡು ಕರ್ಣನನ್ನು ಹರಾಜಿಗೆ ಇಡಲಿಲ್ಲವಲ್ಲ? ನಮ್ಮ ಹಳೆಯ ಕನ್ನಡದಲ್ಲಿ ಇದಕ್ಕೆ ಎರಡು ಬೇರೆ ಬೇರೆ ಪದಗಳೇ ಇದ್ದವು. ಉಂಡ ಅನ್ನದ ಋಣಕ್ಕೆ ಕಾದುವುದು ಜೋಳವಾಳಿ. ಒಡೆಯನ ಜೊತೆಗೇ ಸಾಯುತ್ತೇನೆ ಅಂತ ಮಾತು ಕೊಟ್ಟು ಹಾಗೇ ಮಾಡುವುದು ವೇಳೆವಾಳಿ. ನಾವು ಸಹಿ ಹಾಕಿಸಿಕೊಳ್ಳುವುದು ಜೋಳವಾಳಿಯ ಪತ್ರಕ್ಕೆ, ವಸೂಲಿ ಮಾಡಲು ಹೋಗುವುದು ವೇಳೆವಾಳಿಯನ್ನು.

ನನಗೆ ಜಾಸ್ತಿ ಸಿಟ್ಟು ಬರಿಸುವುದು ಕೆವಿನ್ ಡ್ಯುರಾಂಟ್ ಕಥೆ. ಬಾಸ್ಕೆಟ್‌ಬಾಲ್ ನೋಡದವರಿಗೆ ಚಿಕ್ಕದಾಗಿ ಹೇಳುತ್ತೇನೆ. 2016ರಲ್ಲಿ ಅವನು ಒಕ್ಲಹೋಮ ಸಿಟಿ ಥಂಡರ್ ತಂಡ ಬಿಟ್ಟು ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸೇರಿದ. ಆಗಷ್ಟೇ ಆ ಸೀಸನ್ನಿನ ಪ್ಲೇಆಫ್‌ನಲ್ಲಿ, ಏಳು ಪಂದ್ಯಗಳ ಸರಣಿಯಲ್ಲಿ, ಥಂಡರ್ 3-1 ಮುನ್ನಡೆಯಲ್ಲಿದ್ದು ಇದೇ ವಾರಿಯರ್ಸ್‌ಗೆ ಸೋತಿತ್ತು. ಸೋಲಿಸಿದವರನ್ನೇ ಹೋಗಿ ಸೇರಿದ್ದು ನನಗೂ ಇಷ್ಟವಾಗಲಿಲ್ಲ. ಅದು ಬೇರೆ ಮಾತು. ಅವನ ಜರ್ಸಿ ಸುಟ್ಟರು. ಮುಂದಿನ ವರ್ಷ ಅವನು ಆ ಊರಿಗೆ ಆಡಲು ಬಂದಾಗ ಚೆಂಡು ಮುಟ್ಟಿದಾಗಲೆಲ್ಲ ಇಡೀ ಸ್ಟೇಡಿಯಂ ಹುಯ್ಯೋ ಅಂತು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಥಂಡರ್ ತಂಡ ಒಕ್ಲಹೋಮದಲ್ಲಿ ಹುಟ್ಟಿದ್ದಲ್ಲ. 1967ರಿಂದ 2008ರವರೆಗೆ ಅದು ಸಿಯಾಟಲ್ ಸೂಪರ್‌ಸಾನಿಕ್ಸ್. 41 ಸೀಸನ್ ಆಡಿತ್ತು, 1979ರಲ್ಲಿ ಚಾಂಪಿಯನ್ ಆಗಿತ್ತು. 2006ರಲ್ಲಿ ಹೊಸ ಮಾಲೀಕರು ಕೊಂಡರು. ಎರಡೇ ವರ್ಷಕ್ಕೆ ತಂಡವನ್ನು ಎತ್ತಿಕೊಂಡು ಒಕ್ಲಹೋಮಕ್ಕೆ ಹೋದರು. ಹೆಸರು, ಬಣ್ಣ ಮಾತ್ರ ಹಿಂದೆ ಉಳಿದವು. ಡ್ಯುರಾಂಟ್ ಮೊದಲ ಸೀಸನ್ ಆಡಿದ್ದೂ ಸಿಯಾಟಲ್‌ನಲ್ಲೇ, ಅಲ್ಲಿನ ಮಕ್ಕಳೂ ಅವನ ಹೆಸರಿನ ಜರ್ಸಿ ಹಾಕಿಕೊಂಡಿದ್ದವು. ಅಂದರೆ ಒಂದು ಊರನ್ನೇ ಬಿಟ್ಟು ಬಂದ ತಂಡದ ಅಭಿಮಾನಿಗಳು, ತಂಡ ಬಿಟ್ಟವನಿಗೆ ದ್ರೋಹಿ ಅಂದರು. ಇದನ್ನು ಹೇಳಿದರೆ "ಅದು ಬಿಸಿನೆಸ್ ಅಲ್ವಾ" ಅನ್ನುತ್ತಾರೆ. ಮತ್ತೆ ಅಲ್ವಾ!

ಇನ್ನೂ ಒಂದಿದೆ. 1984ರ ಮಾರ್ಚ್‌ನಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ರಾತ್ರೋರಾತ್ರಿ ಲಾರಿಗಳಿಗೆ ಸಾಮಾನು ತುಂಬಿಕೊಂಡು ಇಂಡಿಯಾನಾಪೊಲಿಸ್‌ಗೆ ಹೊರಟುಹೋಯಿತು. ಬಾಡಿಗೆ ಬಾಕಿ ಇಟ್ಟು ಮನೆ ಖಾಲಿ ಮಾಡಿದವರ ಹಾಗೆ. ಬೆಳಗ್ಗೆ ಎದ್ದು ನೋಡಿದರೆ ಊರಿನಲ್ಲಿ ತಂಡವೇ ಇಲ್ಲ.

'ಹಿಂದಿನ ಕಾಲದವರು ಜೀವನಪೂರ್ತಿ ಒಂದೇ ತಂಡದಲ್ಲಿ ಇರ್ತಿದ್ರು' ಎಂಬ ನಿಟ್ಟುಸಿರಿಗೂ ಒಂದು ಮಾತು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಅಮೆರಿಕದ ಬೇಸ್‌ಬಾಲಿನಲ್ಲಿ ಆಗ ಒಪ್ಪಂದ ಮುಗಿದರೂ ಆಟಗಾರ ತಂಡದ ಸ್ವತ್ತೇ. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ 12 ಸೀಸನ್ ಆಡಿದ ಕರ್ಟ್ ಫ್ಲಡ್ ಎಂಬವನನ್ನು ಫಿಲಡೆಲ್ಫಿಯಾಗೆ ಕೊಟ್ಟಿತು. ನಾನು ಕೊಂಡು ಮಾರುವ ಆಸ್ತಿಯಲ್ಲ ಅಂತ ಕಾಗದ ಬರೆದು ಅವನು ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5-3ರಿಂದ ಸೋತ. ಅವನ ಆಟವೂ ಅಲ್ಲಿಗೆ ಮುಗಿದಿತ್ತು. ಆ ಚಿಲಕ ಸಡಿಲವಾಗಿದ್ದು 1975ರಲ್ಲಿ, ಬೇರೆಯವರ ಪ್ರಕರಣದಲ್ಲಿ. ಯುರೋಪಿನ ಫುಟ್‌ಬಾಲಿಗೆ ಆ ಸ್ವಾತಂತ್ರ್ಯ ಬರಲು 1995ರ ಬಾಸ್‌ಮನ್ ತೀರ್ಪಿನವರೆಗೆ (ಒಪ್ಪಂದ ಮುಗಿದ ಆಟಗಾರನನ್ನು ಹಳೆ ಕ್ಲಬ್ಬು ತಡೆಯುವಂತಿಲ್ಲ ಅಂದ ತೀರ್ಪು) ಕಾಯಬೇಕಾಯಿತು. ಚಿಲಕ ಹಾಕಿದ ಮನೆಯಲ್ಲಿ ಇದ್ದವನನ್ನು ನಿಯತ್ತಿನ ಮನುಷ್ಯ ಅಂತ ಹೊಗಳುವುದು ಹೇಗೆ?

ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಿರುವ ಪ್ರಶ್ನೆಯೇ ಬೇರೆ. ತಂಡ ತನ್ನನ್ನು ಕಳಿಸುತ್ತಿದೆ ಅಂತ ಆಟಗಾರನಿಗೆ ಗೊತ್ತಾಗುವುದು ಹೇಗೆ? ಯಾರು ಹೇಳುತ್ತಾರೆ? ಆ ಹೊತ್ತಿನಲ್ಲಿ ಅವನು ಏನು ಮಾಡುತ್ತಿರುತ್ತಾನೆ?

2017ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಬಾಸ್ಕೆಟ್‌ಬಾಲ್ ತಂಡ ಬ್ಲೇಕ್ ಗ್ರಿಫಿನ್‌ನನ್ನು ಒಲಿಸಿಕೊಳ್ಳಲು ಖಾಲಿ ಸ್ಟೇಡಿಯಂನಲ್ಲಿ ಒಂದು ನಾಟಕವನ್ನೇ ಆಡಿತು. ಅವನು ನಿವೃತ್ತನಾದ ದಿನ ಗೌರವಕ್ಕೆಂದು ಹೇಗೆ ಅವನ ಜರ್ಸಿಯನ್ನು ಚಾವಣಿಗೆ ಏರಿಸುತ್ತೇವೆ ಅಂತ ಏರಿಸಿ ತೋರಿಸಿತು. ಅವನು ಐದು ವರ್ಷಕ್ಕೆ ಸಹಿ ಹಾಕಿದ. ಜನವರಿ ಮುಗಿಯುವ ಮೊದಲೇ ಡೆಟ್ರಾಯಿಟ್‌ಗೆ ಸಾಗಹಾಕಿದರು.

2019ರ ಫೆಬ್ರವರಿಯಲ್ಲಿ ಡಲ್ಲಾಸ್‌ನ ಹ್ಯಾರಿಸನ್ ಬಾರ್ನ್ಸ್ ಪಂದ್ಯ ಆಡುತ್ತಿದ್ದಾಗಲೇ ಅವನನ್ನು ಸ್ಯಾಕ್ರಮೆಂಟೊಗೆ ಕೊಟ್ಟ ಸುದ್ದಿ ಹೊರಬಿತ್ತು. ಮತ್ತೆ ಅವನನ್ನು ಆಡಿಸಲಿಲ್ಲ. ಎದ್ದು ಹೋಗಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಹೋಗಲಿಲ್ಲ. ಪಂದ್ಯ ಮುಗಿಯುವವರೆಗೂ ಬೆಂಚಿನ ಮೇಲೇ ಕೂತಿದ್ದ, ಆಗಲೇ ತನ್ನದಲ್ಲದ ತಂಡದ ಜೊತೆ.

ನನಗೆ ಮರೆಯಲಾಗದವನು ಮಾತ್ರ ವಿಲ್ಮರ್ ಫ್ಲೋರೆಸ್. ವೆನೆಜುವೆಲಾದ ಹುಡುಗ. 16 ವರ್ಷಕ್ಕೇ ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡಕ್ಕೆ ಸಹಿ ಹಾಕಿದವನು. 2015ರ ಜುಲೈ 29ರ ರಾತ್ರಿ ಪಂದ್ಯ ನಡೆಯುತ್ತಿದ್ದಾಗ ಅವನನ್ನು ಮಿಲ್ವಾಕಿ ತಂಡಕ್ಕೆ ಕೊಟ್ಟಾಯಿತು ಎಂಬ ಸುದ್ದಿ ಫೋನಿನಿಂದ ಫೋನಿಗೆ ಹರಿದಾಡಿತು. ಅವನು ಬ್ಯಾಟ್ ಹಿಡಿದು ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೀಳ್ಕೊಡುಗೆ ಅದು. ಅವನಿಗೆ ಅರ್ಥವಾಗಲಿಲ್ಲ. ಸ್ಟೇಡಿಯಂನಲ್ಲಿ ಅಷ್ಟೂ ಜನಕ್ಕೆ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ಗೊತ್ತಾದ ಮೇಲೆ ಫೀಲ್ಡಿಂಗಿಗೆ ಬಂದು ನಿಂತ. ಕ್ಯಾಮೆರಾ ಅವನ ಮೇಲೇ ಇತ್ತು. 23 ವರ್ಷದ ಆಳು ಮೈದಾನದ ನಡುವೆ ತೋಳಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾನೆ. ಆಟ ನಡೀತಾ ಇದೆ, ಚೆಂಡು ಯಾವಾಗ ಬೇಕಾದರೂ ಅವನ ಕಡೆ ಬರಬಹುದು.

ಆ ವ್ಯವಹಾರ ಕೊನೆಗೆ ಆಗಲೇ ಇಲ್ಲ. ಮುರಿದುಬಿತ್ತು. ಎರಡು ದಿನದ ಮೇಲೆ ವಾಷಿಂಗ್ಟನ್ ವಿರುದ್ಧ 12ನೇ ಇನಿಂಗ್ಸ್‌ನಲ್ಲಿ ಅದೇ ಫ್ಲೋರೆಸ್ ಹೋಮ್ ರನ್ ಹೊಡೆದು ಪಂದ್ಯ ಗೆಲ್ಲಿಸಿದ. ಓಡಿ ಬರುವಾಗ ಎದೆಯ ಮೇಲಿದ್ದ 'ಮೆಟ್ಸ್' ಅಕ್ಷರಗಳನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿ ತೋರಿಸಿದ. ಆ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಿಯತ್ತಿಲ್ಲ ಅನ್ನುವವರಿಗೆಲ್ಲ ಅದನ್ನೇ ಕಳಿಸುತ್ತೇನೆ.

ಅದರ ಮುಂದಿನ ಭಾಗ ಮಾತ್ರ ಕಳಿಸುವುದಿಲ್ಲ. 2018ರ ನವೆಂಬರ್ ಕೊನೆಯಲ್ಲಿ ಮೆಟ್ಸ್ ತಂಡ ಅವನಿಗೆ ಮುಂದಿನ ವರ್ಷದ ಒಪ್ಪಂದ ಕೊಡಲಿಲ್ಲ. ಮೊಣಕಾಲಿನ ತೊಂದರೆ ಇತ್ತು. ಸುದ್ದಿ ಎರಡು ಸಾಲಿನಲ್ಲಿ ಮುಗಿದಿತ್ತು. ಅದರ ಕೆಳಗೆ, ಅವನ ಜಾಗಕ್ಕೆ ಯಾರು ಬಂದರೆ ತಂಡಕ್ಕೆ ಒಳ್ಳೆಯದು ಅಂತ ಇನ್ನೊಂದು ಲೇಖನ ಇತ್ತು, ಉದ್ದದ್ದು. ನಾನು ಅದನ್ನು ಒಂದೇ ಉಸಿರಿಗೆ ಪೂರ್ತಿ ಓದಿದೆ.