ಪೋಸ್ಟಿಂಗ್ ಬಂದಾಗ ರೊಕ್ಕದ ಹೊಂದಾಣಿಕಿ

ಜಮಖಂಡಿ ಕಡೆ ಯಾವ ಮದುವಿಗೆ ಹೋದ್ರೂ ನಮ್ಮ ಮಂದಿದು ಒಂದ ಮಾತು, "ನಿಮಗೇನವಾ, ಮಿಲ್ಟ್ರಿಯವರು, ಊರೂರು ತಿರಗಾಕ ಸರ್ಕಾರನ ರೊಕ್ಕ ಕೊಡ್ತೈತಿ." ಕೊಡ್ತೈತಿ, ಸುಳ್ಳಲ್ಲ. ಆದ್ರ ಯಾವಾಗ ಕೊಡ್ತೈತಿ, ಯಾವ ಕಾಗದ ತೋರಿಸಿದ್ರ ಕೊಡ್ತೈತಿ ಅನ್ನೋದು ಬ್ಯಾರೆನ ಕಥಿ. ಟ್ರಕ್ಕಿನವ ಅವತ್ತ ರೊಕ್ಕ ಎಣಿಸಿ ತಗೋತಾನ, ಮನಿ ಮಾಲಕರು ಕೀಲಿ ಕೊಡೂಕಿಂತ ಮೊದಲ ಡಿಪಾಸಿಟ್ ಕೇಳ್ತಾರ, ಸಾಲ್ಯಾಗ ಫೀ ತುಂಬಿದ ಮ್ಯಾಲೆನ ಹುಡುಗನ ಹೆಸರು ಹಚ್ಚೋದು. ಸರ್ಕಾರದ ರೊಕ್ಕ ಬರೋದು ಇದೆಲ್ಲಾ ಮುಗದ ಮ್ಯಾಲೆ. ನಡುವಿನ ಆ ಒಂದೆರಡು ತಿಂಗಳು ಇದಾವಲ್ಲಾ, ಅದ ನಮಗ ತ್ರಾಸು. ಈಗ ಬೆಳಗಾವಿ ಗಣೇಶಪುರ, ಹಿಂಡಲಗಾ ಕಡೆ ನಮ್ಮಂಥ ಮನಿಗೋಳು ಭಾಳ ಅದಾವ, ಹೊಸದಾಗಿ ಮದುವಿ ಆಗಿ ಬಂದ ಹುಡುಗ್ಯಾರು ಕೇಳತಿರ್ತಾರ, ಹಂಗಾಗಿ ಪೋಸ್ಟಿಂಗ್, ಅಂದ್ರ ಬದಲಿ ಆದಾಗಿನ ರೊಕ್ಕದ ಲೆಕ್ಕ ಒಮ್ಮೆ ಕುಂತು ಬರದ ಬಿಡೂಣು ಅನಿಸ್ತು.

ಮೊದಲ ತಿಳ್ಕೋಬೇಕಾದ್ದು ಸಿಟಿಜಿ, ಅಂದ್ರ ಕಾಂಪೋಸಿಟ್ ಟ್ರಾನ್ಸ್‌ಫರ್ ಗ್ರಾಂಟ್, ಬದಲಿ ಆದಾಗ ಒಮ್ಮೆ ಕೊಡೋ ರೊಕ್ಕ. 20 ಕಿಲೋಮೀಟರಿಗಿಂತ ದೂರದ ಊರಿಗೆ ಪೋಸ್ಟಿಂಗ್ ಆದ್ರ ಹಿಂದಿನ ತಿಂಗಳ ಬೇಸಿಕ್ ಪಗಾರದ 80 ಪರ್ಸೆಂಟ್, ಅಂಡಮಾನ್ ಇಲ್ಲಾ ಲಕ್ಷದ್ವೀಪ ಆದ್ರ ಪೂರಾ 100 ಪರ್ಸೆಂಟ್. 7ನೇ ಪೇ ಕಮಿಷನ್ ಆದ ಮ್ಯಾಲೆ 2017ರಾಗ ಬಂದ ಲೆಕ್ಕ ಇದು. ಜವಾನರಿಗೆ ತಿಂಗಳಾ 5,200 ಮಿಲ್ಟ್ರಿ ಸರ್ವಿಸ್ ಪೇ ಬರ್ತೈತಲ್ಲಾ, ಅದನ್ನ ಇದರಾಗ ಹಿಡಿಯಂಗಿಲ್ಲ, ಡಿಎ, ಅಂದ್ರ ತುಟ್ಟಿಭತ್ಯೆನೂ ಇಲ್ಲ, ಬರೇ ಬೇಸಿಕ್. ಬೇಸಿಕ್ 35,000 ಇದ್ದ ಹವಾಲ್ದಾರಿಗೆ 28,000. ಇದಕ್ಕ ಯಾವ ಬಿಲ್ಲೂ ತೋರಿಸಬೇಕಾಗಿಲ್ಲ, ಅದ ಇದರ ಚಂದ. ಹಂಗಂತ ಖುಷಿಯಾಗಿ ಟಿವಿ ತಗೋಬ್ಯಾಡ್ರಿ, ಯಾಕಂದ್ರ ಹೊಸ ಊರಿನ ಮೊದಲ ವಾರದಾಗ ಇದು ಹೆಂಗ ಕರಗ್ತೈತಿ ಅನ್ನೋದು ಹೆಂಗಸರಿಗಷ್ಟ ಗೊತ್ತು. ಹೊಟೇಲ್ ಊಟ, ಆಟೋ, ಹಮಾಲಿ, ಬಲ್ಬು, ನಳದ ವಾಷರು, ಆಮ್ಯಾಲೆ ಕಿಟಕಿ ಪಡದೆ! ದೇಶದಾಗ ಯಾವ ಎರಡು ಕ್ವಾರ್ಟರಿನ ಕಿಟಕಿನೂ ಒಂದ ಅಳತಿ ಇರಂಗಿಲ್ಲ ಅಂತ ನಾ ಬರದ ಕೊಡ್ತೀನಿ.

ಎರಡನೇದು ಸಾಮಾನು ಸಾಗಿಸೋ ಖರ್ಚು. ಇದು ರ‍್ಯಾಂಕಿನ ಮ್ಯಾಲೆ. ಸಿಪಾಯಿ, ನಾಯಕ್ ಆದ್ರ 1,500 ಕೆಜಿ ತನಕ, ರಸ್ತೆ ಮ್ಯಾಲೆ ಕಿಲೋಮೀಟರಿಗೆ 15 ರೂಪಾಯಿ. ಹವಾಲ್ದಾರ್‌ಗೆ 3,000 ಕೆಜಿ, 25 ರೂಪಾಯಿ. ನಾಯಬ್ ಸುಬೇದಾರ್ ಆದ್ರೋ ಒಮ್ಮೆಲೆ 6,000 ಕೆಜಿ, 50 ರೂಪಾಯಿ. ಇವು 2017ರ ರೇಟು, ಡಿಎ 50 ಪರ್ಸೆಂಟ್ ಏರಿದಾಗೊಮ್ಮೆ 25 ಪರ್ಸೆಂಟ್ ಹೆಚ್ಚ ಮಾಡೋದು ಅಂತ ಅದ ಆದೇಶದಾಗ ಐತಿ, ಡಿಎ 2024ರ ಜನವರಿಗೆ 50 ಮುಟ್ಟೇತಿ, ಅದಕ್ಕ ಕ್ಲೇಮ್ ಹಾಕೂಮುಂದ ಹೊಸ ರೇಟಿನ ಬಗ್ಗೆ ಕ್ಲರ್ಕ್ ಸಾಹೇಬ್ರನ್ನ ಕೇಳಾಕ ನಾಚಕೋಬ್ಯಾಡ್ರಿ. ಹಳೇ ರೇಟಿನ್ಯಾಗ ಲೆಕ್ಕಾ ಹಾಕಿದ್ರೂ 1,500 ಕಿಲೋಮೀಟರ್ ದೂರದ ಊರಿಗೆ ನಾಯಕ್‌ಗೆ 22,500, ಹವಾಲ್ದಾರ್‌ಗೆ 37,500. ಇದು ಮಿತಿ ಅಷ್ಟ, ಕೈಗೆ ಕೊಡೋ ಇನಾಮಲ್ಲ, ಖರ್ಚು ಇದಕ್ಕಿಂತ ಕಡಿಮಿ ಆಗಿದ್ರ ಅಷ್ಟ ಬರ್ತೈತಿ, ಹೆಚ್ಚಾದ್ರ ಮ್ಯಾಲಿಂದು ನಮ್ಮ ಕಿಸೆದಾಗಿಂದು. ಸಣ್ಣ ರ‍್ಯಾಂಕಿನವರಿಗೆ ಹೊಡತ ಬೀಳೋದು ಇಲ್ಲೆನ. ನಾಯಕನ ಮನಿಯಾಗೂ ಕಾಟು, ಫ್ರಿಜ್ಜು, ವಾಷಿಂಗ್ ಮಷೀನು ಎಲ್ಲಾ ಇರ್ತಾವ, ಟ್ರಕ್ಕಿನವ ರ‍್ಯಾಂಕ್ ನೋಡಿ ಬಾಡಿಗಿ ಹೇಳಂಗಿಲ್ಲಲ್ಲಾ.

ಅದಕ್ಕ ಪೂರಾ ಗಾಡಿ ಮಾಡಬ್ಯಾಡ್ರಿ. ಬೆಳಗಾವಿ ಇರೋದು ಪುಣೆ-ಬೆಂಗಳೂರು ಹೈವೇ ಮ್ಯಾಲೆ, ಎನ್‌ಎಚ್ 48, ಉತ್ತರಕ್ಕ ಖಾಲಿ ಹೊಳ್ಳಿ ಹೋಗೋ ರಿಟರ್ನ್ ಗಾಡಿ ಸಿಗ್ತಾವ, ಇಲ್ಲಾ ಒಂದ ಕಡೆ ಹೊಂಟ ಎರಡು ಮನಿಯವರು ಕೂಡಿ ಒಂದು ಗಾಡಿ ಮಾಡ್ರಿ. ಆದ್ರ ಬಿಲ್ಟಿ, ಅಂದ್ರ ಸಾಮಾನು ಸಾಗಿಸಿದ್ದಕ್ಕ ಟ್ರಕ್ಕಿನವರು ಕೊಡೋ ಪಾವತಿ, ಬ್ಯಾರೆ ಬ್ಯಾರೆ ಹೆಸರಿಲೆ ಮಾಡಸ್ರಿ. ಬಿಲ್ಟಿ ಬಗ್ಗೆ ನಮ್ಮವರ ಯೂನಿಟ್ಟಿನ ಕ್ಲರ್ಕ್ ಸಾಹೇಬ್ರದು ಒಂದ ಮಾತು, "ಭಾಭೀಜಿ, ಸಾಮಾನು ಕಳದ್ರೂ ನಡೀತೈತಿ, ಬಿಲ್ಟಿ ಕಳೀಬಾರದು." ಟ್ರಕ್ ನಂಬರ್, ತೂಕ, ಎಲ್ಲಿಂದ ಎಲ್ಲಿಗೆ, ತಾರೀಖು, ಜಿಎಸ್‌ಟಿ ನಂಬರ್, ಎಲ್ಲಾ ಬರದಿರಬೇಕು, ರೊಕ್ಕ ಬ್ಯಾಂಕಿನಿಂದ ಹೋಗಿರಬೇಕು. ಡ್ರೈವರ್ ಹರಕ ಚೀಟಿಮ್ಯಾಲೆ ಗೀಚಿ ಕೊಟ್ಟದ್ದು ಕೆಲಸಕ್ಕ ಬರಂಗಿಲ್ಲ.

ಇದರ ಜೋಡಿ ಇನ್ನೊಂದು ಹೇಳಲೇಬೇಕು. "ಭಾಭೀ, ಸಾಮಾನು ಎಷ್ಟರ ಇರಲಿ, ಪೂರಾ ಮಿತಿಗೆ ಬಿಲ್ ಮಾಡಿ ಕೊಡ್ತೀವಿ, ನಮಗಿಷ್ಟು ಪರ್ಸೆಂಟ್ ಕೊಡ್ರಿ" ಅಂತ ಫೋನ್ ಮಾಡೋ ಮಂದಿ ಇರ್ತಾರ. ಸುಮ್ನ ಫೋನ್ ಇಡ್ರಿ. ಟ್ರಕ್ ನಂಬರ್ ಹಾಕಿ ನೋಡಿದ್ರ ಅದು ಟ್ರಕ್ಕೋ ಸ್ಕೂಟರೋ ಅನ್ನೋದು ಈಗ ಒಂದು ನಿಮಿಷದಾಗ ಗೊತ್ತಾಗ್ತೈತಿ, ಟೋಲ್ ರೆಕಾರ್ಡ್ ಐತಿ, ಸಿಕ್ಕಬಿದ್ರ ಪಗಾರದಾಗ ಕಡಿಯೋದಷ್ಟ ಅಲ್ಲ, ನೌಕರಿನ ಹೋಗೋ ಮಾತು. ಹದಿನೈದು ವರ್ಷದ ಸರ್ವಿಸು, ಪೆನ್ಶನ್, ಇಪ್ಪತ್ತು ಸಾವಿರದ ಆಸೆಕ್ಕ ಯಾರ್ ಕಳಕೋತಾರ್ರಿ.

ಖರ್ಚು ಉಳಿಸೋ ಖರೇ ದಾರಿ ಅಂದ್ರ ತೂಕ ಇಳಸೋದು. ನಮ್ಮ ಮನಿಯಾಗ ಕರೇ ಟ್ರಂಕ್ ಅದಾವ, ಮ್ಯಾಲೆ ಬಿಳೇ ಬಣ್ಣದಾಗ ನಂಬರ್, ರ‍್ಯಾಂಕ್, ಹೆಸರು. ಪ್ರಮೋಷನ್ ಬಂದಂಗ ಹಳೇ ರ‍್ಯಾಂಕ್ ಮ್ಯಾಲೆ ಕರೇ ಬಣ್ಣ ಬಡದು ಹೊಸಾದು ಬರದಾರ, ಬಿಸಲಾಗ ಇಟ್ರ ಕೆಳಗಿನ ಹಳೇ ಅಕ್ಷರ ಉಬ್ಬಿ ಕಾಣ್ತಾವ. ಖಾಲಿ ಟ್ರಂಕ್ ಎತ್ತಾಕನ ಇಬ್ಬರು ಬೇಕು. ಆದ್ರ ಅವನ್ನ ಬಿಡಾಕಾಗಂಗಿಲ್ಲ, ಹೊಸ ಊರಾಗ ಅವ ನಮ್ಮ ದಿವಾನ್, ಅವ ಟಿವಿ ಸ್ಟ್ಯಾಂಡ್. ಬಿಡಬೇಕಾದ್ದು ಬ್ಯಾರೆ. ಕೂಲರ್ ಬೆಳಗಾವಿಗೆ ತರಬ್ಯಾಡ್ರಿ, ಇಲ್ಲಿ ಹವಾದಾಗ ಅದರ ಕೆಲಸಿಲ್ಲ, ಝಾನ್ಸಿ ಬಬೀನಾ ಕಡೆ ಇದ್ರ ಅಲ್ಲೆ ಬರೋ ಮನಿಯವರಿಗೆ ಮಾರಿ ಬರ್ರಿ, ಕ್ವಾರ್ಟರ್ ಹೆಂಗಸರ ವಾಟ್ಸಾಪ್ ಗ್ರೂಪಿನ್ಯಾಗ ಹಾಕಿದ್ರ ಸಂಜಿಗೆ ಹೋಗಿರ್ತೈತಿ. ಪ್ಲೈವುಡ್ ಕಪಾಟು ಒಮ್ಮೆ ಬಿಚ್ಚಿ ಜೋಡಿಸಿದ್ರ ಮುಗೀತು, ಅದನ್ನೂ ಮಾರ್ರಿ. ನಮ್ಮತ್ತಿ ಮಾತ್ರ ಒಳಕಲ್ಲು ಬಿಡಾಕ ತಯಾರಿರಲಿಲ್ಲ. "ಮಿಕ್ಸರದ್ದು ಚಟ್ನಿ ನನ್ನ ಮಗ ತಿನ್ನಂಗಿಲ್ಲ" ಅಂದ್ರು. ನಮ್ಮವರು ಹೊರಗ ಹಮಾಲರ ಜೋಡಿ ನಿಂತಿದ್ರು, ಅಲ್ಲಿಂದನ "ತಿಂತೀನಿ ಬಿಡವಾ" ಅಂದ್ರು, ಕಲ್ಲು ಊರಿಗೆ ಹೋತು. ಜೋಳಾ ಎರಡು ಚೀಲ ಬಂತು, ಅದಕ್ಕ ನಾನೂ ಬ್ಯಾಡ ಅನ್ನಲಿಲ್ಲ. ಮಳಗಾಲದಾಗ ಬೆಳಗಾವಿ ಬಿಡೋರು ತಾಡಪಾಲ ನೀವ ಕಣ್ಣಾರೆ ನೋಡಿ ಕಟ್ಟಸ್ರಿ, ಗಾದಿ ತೊಯ್ದ್ರ ಯಾರೂ ತುಂಬಿ ಕೊಡಂಗಿಲ್ಲ.

ಗಾಡಿ ವಿಷಯ. ಹವಾಲ್ದಾರ್ ತನಕ ಒಂದು ಬೈಕ್ ಸರ್ಕಾರದ ಖರ್ಚಿನ್ಯಾಗ, ಜೆಸಿಓ, ಅಂದ್ರ ನಾಯಬ್ ಸುಬೇದಾರ್, ಅದರ ಮ್ಯಾಲಿನ ಸುಬೇದಾರ್ ಆದ್ರ ಕಾರ್ ಇಲ್ಲಾ ಬೈಕ್, ಎರಡರಾಗ ಒಂದು. ರೈಲಿನ್ಯಾಗ ಹಾಕೋದಿದ್ರ ಪೆಟ್ರೋಲ್ ಪೂರಾ ತಗೀಬೇಕು, ಆರ್‌ಸಿ ಝೆರಾಕ್ಸ್ ಬೇಕು, ಗೋಣಿತಟ್ಟು ಸುತ್ತಿ ಪ್ಯಾಕ್ ಮಾಡಸಬೇಕು, ಪಾರ್ಸಲ್ ಆಫೀಸಿನ ಪಾವತಿ ಕ್ಲೇಮಿಗೆ ಜ್ವಾಪಾನ. ಹೊಸಾ ಗಾಡಿ ತಗೊಳ್ಳೋರು ಬಿಎಚ್ ಸೀರೀಸ್ ನಂಬರ್ ತಗೋರ‍್ರಿ, 2021ರ ಸೆಪ್ಟೆಂಬರದಾಗ ಶುರುವಾತು, ಮಿಲ್ಟ್ರಿಯವರಿಗೆ ಸಿಗ್ತೈತಿ. ಟ್ಯಾಕ್ಸ್ ಎರಡೆರಡು ವರ್ಷದ್ದು ತುಂಬಿದ್ರಾತು, ರಾಜ್ಯ ಬದಲಾದಾಗೊಮ್ಮೆ ಎನ್‌ಓಸಿ, ಹೊಸ ನಂಬರ್, ಮತ್ತ ಲೈಫ್‌ಟೈಮ್ ಟ್ಯಾಕ್ಸ್, ಹಳೇ ರಾಜ್ಯದಾಗ ರಿಫಂಡ್ ಸಲುವಾಗಿ ಅರ್ಜಿ, ಈ ಗೋಳು ತಪ್ಪತೈತಿ. ಗ್ಯಾಸಿಂದು ಸಣ್ಣ ಮಾತು: ಸಿಲಿಂಡರ್, ರೆಗ್ಯುಲೇಟರ್ ಎರಡೂ ಏಜೆನ್ಸಿಗೆ ಕೊಟ್ಟು ಟರ್ಮಿನೇಷನ್ ವೌಚರ್ ತಗೋರ‍್ರಿ, ಡಿಪಾಸಿಟ್ ಹೊಳ್ಳಿ ಬರ್ತೈತಿ. ಪಕ್ಕದ ಮನಿಯವರಿಗೆ ಹಂಗ ಕೊಟ್ಟು ಹೋಗಬ್ಯಾಡ್ರಿ.

ಇನ್ನ ಆ ನಡುವಿನ ತಿಂಗಳ ಹೊಂದಾಣಿಕಿ. ಮೂವ್‌ಮೆಂಟ್ ಆರ್ಡರ್, ಅಂದ್ರ ಹೊಂಡೋ ಆದೇಶ ಬಂದ ಕೂಡ್ಲೇ ಟಿಎ (ಪ್ರಯಾಣ ಭತ್ಯೆ) ಅಡ್ವಾನ್ಸ್‌ಗೆ ಅರ್ಜಿ ಹಾಕಸ್ರಿ. ನಮ್ಮ ಗಂಡಂದ್ರು "ನೋಡೂಣು, ಆಮ್ಯಾಲೆ ಕ್ಲೇಮ್ ಮಾಡಿದ್ರಾತು" ಅಂತಾರ, ಯಾಕಂದ್ರ ಆಫೀಸಿನ್ಯಾಗ ಕೇಳಾಕ ಸಂಕೋಚ, ಮನಿಯಾಗ ಖರ್ಚು ನೋಡ್ಕೊಳ್ಳಾಕ ನಾವ ಇದ್ದೀವಲ್ಲಾ. ಅಡ್ವಾನ್ಸ್ ಅದು ನಮ್ಮ ಹಕ್ಕು, ಸಾಲ ಅಲ್ಲ. ಆದ್ರ ತಗೊಂಡ ಮ್ಯಾಲೆ ಕ್ಲೇಮ್ ತಡಾ ಮಾಡಬಾರದು, 2018ರಿಂದ ಟಿಎ ಕ್ಲೇಮಿಗೆ 60 ದಿನದ ಗಡುವು ಐತಿ. ರೈಲು ಟಿಕೆಟ್ ಮಿಲ್ಟ್ರಿ ವಾರಂಟ್ ಇಲ್ಲಾ ಡಿಟಿಎಸ್, ಅಂದ್ರ ಮಿಲ್ಟ್ರಿಯವರ ಆನ್‌ಲೈನ್ ಟಿಕೆಟ್ ವ್ಯವಸ್ಥಾ ಮ್ಯಾಲೆ ಆಗೋದ್ರಿಂದ ಕೈಯಿಂದ ಹೋಗಂಗಿಲ್ಲ. ಆಮ್ಯಾಲೂ ಕಡಿಮಿ ಬಿದ್ರ ಎಎಫ್‌ಪಿಪಿ ಫಂಡ್ ಐತಿ, ಜವಾನರ ಪ್ರಾವಿಡೆಂಟ್ ಫಂಡ್, ಅದರಾಗ ತಗದ್ರ ನಮ್ಮ ರೊಕ್ಕ ನಾವ ತಗದಂಗ. ಬೆಳಗಾವ್ಯಾಗ ಓಣಿ ಓಣಿಗೆ ಭಿಶಿ, ಅಂದ್ರ ಹೆಂಗಸರ ಚೀಟಿ ನಡೀತಾವ, ನಾನೂ ಒಂದರಾಗ ಅದೀನಿ, ಪೋಸ್ಟಿಂಗ್ ಬರೋ ವರ್ಷ ಗೊತ್ತಿದ್ರ ನಮ್ಮ ಪಾಳಿ ಆ ತಿಂಗಳಿಗೆ ಮಾತಾಡಿ ಇಟ್ಕೋಬಹುದು, ಹೆಂಗಸರು ಹೆಂಗಸರಿಗೆ ಇಲ್ಲಾ ಅನ್ನಂಗಿಲ್ಲ. ಆದ್ರ ನಡುವ ಊರು ಬಿಡೋರು ಉಳದ ಹಪ್ತೆ ಫೋನ್‌ಪೇ ಮಾಡಾಕಬೇಕು, ಇಲ್ಲಾಂದ್ರ ಮುಂದ ಬರೋ ಮಿಲ್ಟ್ರಿ ಮನಿಯವರನ್ನ ಯಾರೂ ಸೇರಿಸಿಕೊಳ್ಳಂಗಿಲ್ಲ. ಸೊಸೈಟಿಯಾಗ ಬಂಗಾರ ಅಡಾ ಇಡೋದು, ಬ್ಯಾಂಕಿನ್ಯಾಗ ಪರ್ಸನಲ್ ಲೋನು, ಇವೆರಡೂ ನನಗ ಸೇರಂಗಿಲ್ಲ. ಎರಡು ತಿಂಗಳ ಅಡಚಣಿಗೆ ಮೂರು ವರ್ಷದ ಇಎಂಐ ಯಾಕ.

ಬಾಡಿಗಿ ಮನಿ ಮಾತು ಬಂದ್ರ ಎಚ್‌ಆರ್‌ಎ, ಅಂದ್ರ ಮನಿ ಬಾಡಿಗಿ ಭತ್ಯೆ ನೋಡ್ರಿ. ಕ್ವಾರ್ಟರ್ ಖಾಲಿ ಇಲ್ಲ ಅನ್ನೋ ಸರ್ಟಿಫಿಕೇಟ್ ಮೊದಲ ದಿನನ ತಗೋಬೇಕು. ಎಚ್‌ಆರ್‌ಎ ಸಲುವಾಗಿ ಊರುಗಳನ್ನ ಕ್ಲಾಸ್ ಮಾಡ್ಯಾರ, ಬೆಳಗಾವಿ ವೈ ಕ್ಲಾಸ್ ಊರು, ಬೇಸಿಕ್‌ನ 20 ಪರ್ಸೆಂಟ್. ಬಾಗಲಕೋಟೆ, ವಿಜಯಪುರ ಎರಡೂ ಝಡ್, ಅಲ್ಲಿ 10 ಪರ್ಸೆಂಟ್. 35,000 ಬೇಸಿಕ್ ಮ್ಯಾಲೆ ಇಲ್ಲಿ 7,000, ಅಲ್ಲಿ 3,500. ಫೀಲ್ಡ್‌ಗೆ, ಅಂದ್ರ ಮನಿಯವರನ್ನ ಒಯ್ಯಾಕಾಗದ ಜಾಗಾಕ್ಕ ಹೋದಾಗ ಕುಟುಂಬ ಎಲ್ಲಿ ಇರ್ತೈತಿ ಅನ್ನೋದನ್ನ ಬಾಯಿಮಾತಿಲೆ ಬಿಡಬ್ಯಾಡ್ರಿ, ಕಾಗದದಾಗ ಬರೆಸ್ರಿ.

ಸಾಲಿ ಖರ್ಚಿಗೆ ಸಿಇಎ, ಅಂದ್ರ ಮಕ್ಕಳ ಶಿಕ್ಷಣ ಭತ್ಯೆ ಐತಿ, ಎರಡು ಮಕ್ಕಳ ತನಕ, ಒಬ್ಬರಿಗೆ ತಿಂಗಳಾ 2,812 ರೂಪಾಯಿ 50 ಪೈಸೆ, ವರ್ಷಕ್ಕ 33,750. ಹಾಸ್ಟೆಲ್ ಆದ್ರ ತಿಂಗಳಾ 8,437 ರೂಪಾಯಿ 50 ಪೈಸೆ. ಪಾವತಿ ಬೇಕಿಲ್ಲ, ಈ ಹುಡುಗ ವರ್ಷಪೂರ್ತಿ ನಮ್ಮಲ್ಲಿ ಕಲತಾನ ಅಂತ ಹೆಡ್‌ಮಾಸ್ತರ ಸರ್ಟಿಫಿಕೇಟ್ ಸಾಕು. ಇದು ಬರೋದು ವರ್ಷ ಮುಗದ ಮ್ಯಾಲೆ. ನಡು ವರ್ಷದಾಗ ಸಾಲಿ ಬದಲಿ ಆದ್ರ ಎರಡು ಯೂನಿಫಾರ್ಮ್, ಎರಡು ಸೆಟ್ ಪುಸ್ತಕ ತಗೋತೀವಿ, ಸಿಇಎ ಎರಡು ಆಗಂಗಿಲ್ಲ. ಪ್ರೈವೇಟ್ ಸಾಲ್ಯಾಗಂತೂ ಪ್ರತಿ ಊರಾಗ ಹೊಸದಾಗಿ ಅಡ್ಮಿಷನ್ ಫೀ. ಅದಕ್ಕ ನಾ ಕೇಂದ್ರೀಯ ವಿದ್ಯಾಲಯದ ಕಡೆ. ಒಂದು ಕೆವಿಯಿಂದ ಟಿಸಿ ತಗೊಂಡು ಇನ್ನೊಂದು ಕೆವಿಗೆ ಹೋದ್ರ ತಂದಿ ಪೋಸ್ಟಿಂಗ್ ಮ್ಯಾಲೆ ನಡು ವರ್ಷದಾಗೂ ತಗೋತಾರ. ಊರೂರು ತಿರಗೋದು ಬ್ಯಾಡ ಅನ್ನೋರಿಗೆ ವಿಜಯಪುರದ ಸೈನಿಕ ಸಾಲಿ ಐತಿ, 1963ರಿಂದ ನಡದೈತಿ, ಸೈನಿಕರ ಮಕ್ಕಳಿಗೆ 25 ಪರ್ಸೆಂಟ್ ಸೀಟ್, ಈಗ ಹೆಣ್ಣಮಕ್ಕಳಿಗೂ ಐತಿ. ನನ್ನ ಮಗಳು ಒಲ್ಲೆ ಅಂದಾಳ, ಸದ್ಯಕ್ಕ ಅದರ ಮಾತಿಲ್ಲ.

ಕಡೀದು ರಿಟೈರ್‌ಮೆಂಟಿನ ಮೂವ್. ಇದಕ್ಕೂ ಸಾಮಾನಿನ ಖರ್ಚು, ಸಿಟಿಜಿ ಎರಡೂ ಅದಾವ ಅನ್ನೋದು ಎಷ್ಟೋ ಮಂದಿಗೆ ಗೊತ್ತಿಲ್ಲ, ಲಗೇಜ್ ತಮ್ಮ ರೊಕ್ಕದಾಗ ತಂದು ಸುಮ್ನ ಕುಂದರ್ತಾರ. 2022ರ ಜನವರಿ ತನಕ ಕಡೀ ಡ್ಯೂಟಿ ಊರಿಂದ 20 ಕಿಲೋಮೀಟರಿಗಿಂತ ದೂರ ನೆಲಸಿದ್ರಷ್ಟ ಪೂರಾ 80 ಪರ್ಸೆಂಟ್ ಸಿಟಿಜಿ ಇತ್ತು. ಅದ ಊರಾಗ ಉಳದ್ರ ಅದರಾಗ ಮೂರನೇ ಒಂದು ಪಾಲು ಇತ್ತು, ಈಗ ಆ 20 ಕಿಲೋಮೀಟರಿನ ಷರತ್ತು ತಗದಾರ, ಮನಿ ಖರೇನ ಬದಲಾದ್ರ ಪೂರಾ 80 ಪರ್ಸೆಂಟ್. ಅಂದ್ರ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರಿನ್ಯಾಗ ಇದ್ದು ರಿಟೈರ್ ಆಗಿ ಗಣೇಶಪುರದಾಗ ಮನಿ ಮಾಡಿದವರಿಗೂ ಪೂರಾ, ಮುಧೋಳಕ್ಕೋ ಇಂಡಿಗೋ ಹೋದವರಿಗೂ ಪೂರಾ. ಈ ಕ್ಲೇಮಿಗೆ 2021ರಿಂದ 180 ದಿನ ಕೊಟ್ಟಾರ. ಮಿಲ್ಟ್ರಿ ಹಾಸ್ಪಿಟಲ್, ಇಸಿಎಚ್‌ಎಸ್ (ಮಾಜಿ ಸೈನಿಕರ ದವಾಖಾನಿ), ಕ್ಯಾಂಟೀನ್ ಎಲ್ಲಾ ಹತ್ರ ಅಂತ ಭಾಳ ಮಂದಿ ಬೆಳಗಾವ್ಯಾಗ ಉಳೀತಾರ, ನಮ್ಮವರಿಗೂ ಅದ ಮನಸ್ಸು. ಅತ್ತಿ ಮಾತ್ರ ಜಮಖಂಡ್ಯಾಗ ಪ್ಲಾಟ್ ನೋಡಾಕ ಹತ್ಯಾರ, ಅದರ ಜಗಳ ಇನ್ನೂ ಮುಗದಿಲ್ಲ.