ಮತ್ತೆ ಅದೇ ಇಸ್ತಾಂಬುಲ್‌ಗಾ?

ಹೌದು, ಅದೇ ಇಸ್ತಾಂಬುಲ್‌ಗೆ. 2015ರಲ್ಲಿ ಒಂದು ಸಲ, 2024ರಲ್ಲಿ ಇನ್ನೊಂದು ಸಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಕೇಳುವುದು ತಪ್ಪಲ್ಲ, ಕೇಳುವ ಧಾಟಿ ಇದೆಯಲ್ಲ, ಅದು. ಚಿಕ್ಕಮಗಳೂರಲ್ಲಿ ಒಂದು ಮದುವೆ. ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯ ನೆಂಟರು ಪಾಯಸ ಬಡಿಸುವವನನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ ಕೇಳಿದರು: “ನೋಡಿದ್ದನ್ನೇ ನೋಡೋಕೆ ಅಷ್ಟು ದುಡ್ಡಾ? ಕಾಫಿಗೆ ರೇಟ್ ಬಂತು ಅಂತ ತಾನೇ?” ಇಡೀ ಪಂಕ್ತಿ ತಿರುಗಿತು. ಬಡಿಸುವವನೂ ಉತ್ತರಕ್ಕೆ ಕಾದ. ರೇಟ್ ಬಂದಿದ್ದು ನಿಜ, ಅದಕ್ಕೇ ಜಾಸ್ತಿ ಉರಿಯಿತು. ಇದೇ ಮನುಷ್ಯ ಮನೆಗೆ ಬಂದ ನೆಂಟರನ್ನೆಲ್ಲ ಬೇಲೂರಿಗೆ ಕರೆದೊಯ್ದು ದರ್ಪಣ ಸುಂದರಿಯ ಕೆಳಗೆ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಎಷ್ಟನೇ ಸಲ ಅಂತ ನಾನು ಯಾವತ್ತಾದರೂ ಕೇಳಿದ್ದೇನಾ?

ಇನ್ನು ನಾನು ‘ನೋಡಿದ್ದು’. ಮೊದಲ ಸಲ ಪ್ಯಾಕೇಜ್ ಟೂರ್. ಚರ್ಚಾಗಿ ಕಟ್ಟಿ ಆಮೇಲೆ ಮಸೀದಿಯಾದ ಆಯಾ ಸೋಫಿಯಾಕ್ಕೆ ಕೊಟ್ಟಿದ್ದು ನಲವತ್ತು ನಿಮಿಷ. ಆಗ ಅದು ಮ್ಯೂಸಿಯಂ. ಮೇಲಿನ ಗ್ಯಾಲರಿಯಲ್ಲಿ ಚಿನ್ನದ ಬಣ್ಣದ ಕ್ರಿಸ್ತನ ಮೊಸಾಯಿಕ್ ಇದೆ ಅಂತ ಗೊತ್ತಾಗಿದ್ದು ಮನೆಗೆ ಬಂದ ಮೇಲೆ. 2020ರಲ್ಲಿ ಅದು ಮತ್ತೆ ಮಸೀದಿಯಾಯಿತು. ಈಗ ಕೆಳಗೆ ನಮಾಜು, ನಮ್ಮಂಥ ಪ್ರವಾಸಿಗಳಿಗೆ ಮೇಲಿನ ಗ್ಯಾಲರಿ ಮಾತ್ರ, ತಲೆಗೆ 25 ಯೂರೊ. ಅಂದರೆ ಒಂದು ಸಲ ಕೆಳಗಷ್ಟೇ ನೋಡಿದೆ, ಇನ್ನೊಂದು ಸಲ ಮೇಲಷ್ಟೇ. ನೋಡಿದ್ದನ್ನೇ ನೋಡಿದ್ದು ಎಲ್ಲಿ ಬಂತು?

ಕಾಫಿಯ ಕಥೆ ಇನ್ನೂ ಅವಮಾನದ್ದು. ಬಾಬಾ ಬುಡನ್ ಸೊಂಟದಲ್ಲಿ ಕಟ್ಟಿ ತಂದ ಏಳು ಬೀಜದ ಕಥೆ ಕೇಳಿ ಬೆಳೆದವನಿಗೆ ಅಲ್ಲಿ ಕಾಫಿ ಕುಡಿಯೋಕೇ ಬರಲಿಲ್ಲ. ಅವರು ಸೋಸುವುದಿಲ್ಲ. ಹಿಟ್ಟಿನಷ್ಟು ನುಣ್ಣಗಿನ ಪುಡಿಯನ್ನು ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ಕಾಯಿಸಿ, ಚರಟದ ಸಮೇತ ಬಗ್ಗಿಸುತ್ತಾರೆ. ಸಕ್ಕರೆಯೂ ಆಗಲೇ ಬಿದ್ದಿರುತ್ತದೆ. ನಾನು ಚಮಚ ಹಾಕಿ ಚೆನ್ನಾಗಿ ಕಲಕಿ, ತಳದವರೆಗೂ ಕುಡಿದೆ. ಸಂಜೆವರೆಗೂ ಹಲ್ಲು ಕರ್ರಗೆ. ಎರಡನೇ ಸಲ ‘ಒರ್ತಾ’ ಅಂದೆ, ಹದವಾದ ಸಕ್ಕರೆ ಅಂತ. ಚರಟ ಕೂರುವವರೆಗೆ ಸುಮ್ನೆ ಕೂತೆ. ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ.

ಎರಡನೇ ಸಲ ಏನಾದರೂ ಕಳಕೊಂಡು ಬಂದ್ರಾ ಅಂತ ಒಬ್ಬರಾದರೂ ಕೇಳಬಾರದಾ?

ಮೊದಲ ಸಲ ಗಲಾಟಾ ಸೇತುವೆ ಹತ್ತಿರ, ಶೂ ಪಾಲಿಶ್ ಮಾಡುವವನೊಬ್ಬ ಬ್ರಷ್ ಬೀಳಿಸಿಕೊಂಡು ಹೋದ. ಎತ್ತಿಕೊಂಡು ಓಡಿ ಹೋಗಿ ಕೊಟ್ಟೆ. ಉಪಕಾರಕ್ಕೆ ಅಂತ ಶೂ ತಿಕ್ಕಿದ. ಆಮೇಲೆ ಮಗುವಿಗೆ ಹುಷಾರಿಲ್ಲ ಅಂದ. ಇಪ್ಪತ್ತು ಲಿರಾ ಕೊಟ್ಟೆ. ಅದು ಅಲ್ಲಿನ ಹಳೇ ಮೋಸವಂತೆ. ಟೂರಿನವರೆಲ್ಲ ಊರು ಸೇರುವವರೆಗೂ ನಕ್ಕರು.

2024ರಲ್ಲೂ ನನ್ನ ಮುಂದೆ ಒಂದು ಬ್ರಷ್ ಬಿತ್ತು. ನಕ್ಕು ದಾಟಿ ಹೋದೆ. ಹತ್ತು ಹೆಜ್ಜೆ ಆದ ಮೇಲೆ ತಿರುಗಿದೆ. ಮುದುಕ. ಪೆಟ್ಟಿಗೆ ಇಳಿಸಿ, ಸೊಂಟ ಹಿಡಿದುಕೊಂಡು, ತಾನೇ ಬಗ್ಗಿ ಎತ್ತಿಕೊಳ್ಳುತ್ತಿದ್ದ. ನನ್ನ ಕಡೆ ನೋಡಲೂ ಇಲ್ಲ.

ಇದನ್ನೆಲ್ಲ ಪಾಯಸದ ಮುಂದೆ ಹೇಳೋಕಾಗುತ್ತಾ? “ಹೌದು, ರೇಟ್ ಬಂತು” ಅಂದೆ. ಬಡಿಸುವವನು ಮುಂದಿನ ಎಲೆಗೆ ಹೋದ.