ವಾಷಿಂಗ್ಟನ್ನರ ಭಟ್ಟಿಮನೆಯಲ್ಲಿ ರೈ ವಿಸ್ಕಿಗಾಗಿ ಕಾಯುವವರು

ವಾಷಿಂಗ್ಟನ್ ನಗರದ ಆಚೆ, ಪೊಟೊಮ್ಯಾಕ್ ನದಿಯ ಪಶ್ಚಿಮ ದಂಡೆ ಹಿಡಿದು ದಕ್ಷಿಣಕ್ಕೆ ಸಾಗುವ ರಸ್ತೆ ಅಲೆಕ್ಸಾಂಡ್ರಿಯ ದಾಟಿ ಮೌಂಟ್ ವರ್ನನ್‌ನಲ್ಲಿ ಮುಗಿಯುತ್ತದೆ. ಹೆಚ್ಚಿನವರು ಜಾರ್ಜ್ ವಾಷಿಂಗ್ಟನ್ನರ ಮನೆ, ಸಮಾಧಿ ನೋಡಿ ಮರಳುತ್ತಾರೆ. ನಾವು ಇನ್ನೂ ಮೂರು ಮೈಲಿ ಮುಂದೆ, ಅವರ ಭಟ್ಟಿಮನೆಗೆ ಹೊರಟಿದ್ದೆವು. ಜೊತೆಗಿದ್ದ ಗೆಳೆಯರಿಬ್ಬರಿಗೂ ರೈ ವಿಸ್ಕಿ, ಅಂದರೆ ಗೋಧಿಯನ್ನು ಹೋಲುವ ರೈ ಎಂಬ ಕಾಳಿನಿಂದ ಇಳಿಸುವ ವಿಸ್ಕಿ, ಎಂದರೆ ಪ್ರಾಣ. ಇಲ್ಲಿಯ ಹೊಸ ಬಾಟಲಿ ಯಾವಾಗ ಬರುತ್ತದೆ ಎಂಬುದೇ ದಾರಿಯುದ್ದಕ್ಕೂ ಅವರ ಮಾತು.

ತೊರೆಯ ಪಕ್ಕದಲ್ಲಿ ನೀರಿನ ಗಿರಣಿ, ಅದರ ಹತ್ತಿರದಲ್ಲೇ ಭಟ್ಟಿಮನೆ. ವಾಷಿಂಗ್ಟನ್ನರ ಹೊಲಗಳಲ್ಲಿ ರೈ ಬೆಳೆಯುತ್ತಿತ್ತು, ಬೀಸಲು ಗಿರಣಿಯಿತ್ತು, ನೀರಿಗೆ ಬರವಿರಲಿಲ್ಲ. ಇದನ್ನೆಲ್ಲ ಲೆಕ್ಕಹಾಕಿ 1797ರಲ್ಲಿ ಭಟ್ಟಿ ಹೂಡಲು ಅವರನ್ನು ಒಪ್ಪಿಸಿದವನು ಸ್ಕಾಟ್ಲೆಂಡಿನಿಂದ ಬಂದಿದ್ದ ಮೇಲ್ವಿಚಾರಕ ಜೇಮ್ಸ್ ಆಂಡರ್ಸನ್. 1799ರಲ್ಲಿ ಐದು ತಾಮ್ರದ ಹಂಡೆಗಳಿಂದ ಇಳಿದದ್ದು ಸುಮಾರು 11,000 ಗ್ಯಾಲನ್! ಆ ವರ್ಷದ ಡಿಸೆಂಬರಿನಲ್ಲಿ ವಾಷಿಂಗ್ಟನ್ ತೀರಿಕೊಂಡರು. 1814ರಲ್ಲಿ ಕಟ್ಟಡ ಸುಟ್ಟುಹೋಯಿತು. ಈಗಿರುವುದು ಹಳೆಯ ತಳಪಾಯದ ಮೇಲೆ ಮತ್ತೆ ಕಟ್ಟಿ 2007ರಲ್ಲಿ ತೆರೆದದ್ದು.

ಒಳಗೆ ಕಾಲಿಟ್ಟೊಡನೆ ಸೌದೆಯ ಹೊಗೆಯ ವಾಸನೆ. ಮರದ ದೊಡ್ಡ ಪೀಪಾಯಿಗಳಲ್ಲಿ ನೂರಕ್ಕೆ 60 ಪಾಲು ರೈ, 35 ಪಾಲು ಮೆಕ್ಕೆಜೋಳ, 5 ಪಾಲು ಮೊಳಕೆ ಬರಿಸಿದ ಬಾರ್ಲಿಯನ್ನು ಬಿಸಿನೀರಿನೊಂದಿಗೆ ಕಲಸುತ್ತಾರೆ. ಕಲಸುವ ಸಾಧನ ನಮ್ಮ ಮುದ್ದೆಕೋಲಿನ ದೈತ್ಯ ಅಣ್ಣನಂತಿದೆ. ರೈ ಹಿಟ್ಟು ಬಲು ಅಂಟು. ಗಂಟಾಗದಂತೆ ತಿರುಗಿಸಲು ತೋಳಿನಲ್ಲಿ ಕಸುವು ಬೇಕು. ಆಮೇಲೆ ಹುಳಿ ಬರಿಸಿ, ಎರಡು ಸಲ ಭಟ್ಟಿ ಇಳಿಸುತ್ತಾರೆ.

ಅಂದು ಈ ಕಸುವು ಯಾರದ್ದು? ಹ್ಯಾನ್ಸನ್, ಪೀಟರ್, ನ್ಯಾಟ್, ಡೇನಿಯಲ್, ಜೇಮ್ಸ್, ತಿಮೋತಿ: ಇಲ್ಲಿ ದುಡಿದ ಆರು ಗುಲಾಮರು. ಆಂಡರ್ಸನ್ನನ ಜಾಣ್ಮೆಯನ್ನು ಹೊಗಳುವ ಪ್ರತಿಯೊಬ್ಬರೂ ಈ ಹೆಸರುಗಳನ್ನು ಬಾಯಿಬಿಟ್ಟು ಹೇಳಬೇಕು ಎಂದು ನನಗೆ ಬಲವಾಗಿ ಅನ್ನಿಸಿತು. ಬೆಂಕಿಯ ಮುಂದೆ ನಿಂತು ಹಂಡೆ ಕಾದವರು ಅವರು. ಲಾಭ ಮಾತ್ರ ಒಡೆಯನದು.

2010ರಲ್ಲಿ ಇಲ್ಲಿಯ ವಿಸ್ಕಿ ಮೊದಲ ಬಾರಿ ಮಾರಾಟಕ್ಕೆ ಬಂದಾಗ ಜನ ಸಾಲುಗಟ್ಟಿ ನಿಂತು ಕೆಲವೇ ಗಂಟೆಗಳಲ್ಲಿ ಎಲ್ಲವನ್ನೂ ಕೊಂಡುಬಿಟ್ಟರು. ಕೈಕೆಲಸವಾದ್ದರಿಂದ ಸಿಗುವುದು ಸ್ವಲ್ಪವೇ. ಕಾಯುವವರ ಚಡಪಡಿಕೆಗೆ ಕಾರಣ ಅದು. ನನ್ನ ಗೆಳೆಯರಿಗೆ ಬೇಕಾಗಿದ್ದದ್ದು ಒಳಮೈ ಸುಟ್ಟ ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿ ಕೆಂಪೇರಿದ ರೈ. ಅದು ಇನ್ನೂ ಬಂದಿಲ್ಲ ಎಂದು ಅಂಗಡಿಯಲ್ಲಿದ್ದವರು ಹೇಳಿದರು. ಕಪಾಟಿನಲ್ಲಿ ಇದ್ದದ್ದು ಮಾಗಿಸದ, ನೀರಿನಂತೆ ತಿಳಿಯಾದ ರೈ.

“ಇದನ್ನು ಯಾರು ಕುಡಿಯುತ್ತಾರೆ ಮಾರಾಯರೇ?” ಎಂದು ಒಬ್ಬರು ಮುಖ ಕಿವುಚಿದರು. ನಾನು ಒಪ್ಪಲಿಲ್ಲ. ವಾಷಿಂಗ್ಟನ್ನರ ಕಾಲದಲ್ಲಿ ಇಲ್ಲಿಂದ ಪೀಪಾಯಿ ತುಂಬಿಸಿ ಮಾರುತ್ತಿದ್ದುದು ಇಂಥದ್ದನ್ನೇ. ಓಕ್ ಮರದ ಸಿಹಿ ಅಡ್ಡ ಬಾರದೆ ರೈ ಕಾಳಿನ ಖಾರ ನೇರವಾಗಿ ನಾಲಿಗೆಗೆ ತಾಗುವುದು ಇದರಲ್ಲೇ. ಅವರಿಬ್ಬರೂ ಮಾಗಿದ ರೈ ಯಾವ ತಿಂಗಳು ಬರಬಹುದೆಂದು ವಿಚಾರಿಸುತ್ತಿದ್ದಾಗ ನಾನು ಆ ಬಿಳಿಯ ಬಾಟಲಿಗೆ ಹಣ ಕೊಟ್ಟೆ.